ಪಾಠ ನನ್ನದು, ಫೈಲೂ ನನ್ನದು: ಎಚ್‌5ಪಿ ಜೊತೆ ಎರಡು ವರ್ಷ

ನಾನು ಏಳರಿಂದ ಒಂಬತ್ತನೇ ತರಗತಿಯವರೆಗೆ ವಿಜ್ಞಾನ ಕಲಿಸುತ್ತೇನೆ. ಈ ವಿಮರ್ಶೆ ಪರದೆಯ ಮೇಲೆ ಮಾಡಿಸುವ ಕ್ವಿಜ್, ಪಾಠಗಳನ್ನು ತಯಾರಿಸುವ ಎಚ್‌5ಪಿ ಅನ್ನೋ ಉಪಕರಣದ ಬಗ್ಗೆ, ಜೊತೆಗೆ ಅದನ್ನು ಬಳಸಲು ನನ್ನ ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಂಡಿರುವ ಲುಮಿ ಅನ್ನೋ ಆ್ಯಪ್ ಬಗ್ಗೆ. ಆದರೆ ಅದಕ್ಕೂ ಮುಂಚೆ ನಡೆದ ಒಂದು ವಿಷಯ ಹೇಳಬೇಕು. ಅದು ಆಗದೇ ಇದ್ದಿದ್ದರೆ ನಾನು ಇದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಮೂರು ವರ್ಷ ನನ್ನ ಕ್ವಿಜ್‌ಗಳನ್ನೆಲ್ಲ ಒಂದು ವೆಬ್‌ಸೈಟಿನಲ್ಲಿ ಮಾಡಿ ಇಟ್ಟಿದ್ದೆ. ಅದರ ಹೆಸರು ಇಲ್ಲಿ ಬೇಡ. ಬಳಸಲು ಸುಲಭ, ನೋಡಲು ಚೆಂದ, ಮಕ್ಕಳಿಗೂ ಇಷ್ಟ. ಸಂಜೆ ಕೂತು ಒಂದೊಂದೇ ಪ್ರಶ್ನೆ ಬರೆಯುತ್ತಿದ್ದೆ. ತಪ್ಪು ಉತ್ತರ ಒತ್ತಿದವರಿಗೆ ಅದು ಯಾಕೆ ತಪ್ಪು ಅಂತ ಎರಡು ಸಾಲು ಸೇರಿಸುತ್ತಿದ್ದೆ. ನನ್ನ ನಿಜವಾದ ಕೆಲಸ ಇದ್ದದ್ದು ಆ ಎರಡು ಸಾಲಿನಲ್ಲೇ. ಪ್ರಶ್ನೆಗಳು ಪುಸ್ತಕದಲ್ಲೂ ಸಿಗುತ್ತವೆ. ಮಗು ಎಲ್ಲಿ ಎಡವುತ್ತದೆ ಅನ್ನೋದು ತರಗತಿಯಲ್ಲಿ ನಿಂತವರಿಗೇ ಗೊತ್ತಾಗೋದು. ಹೀಗೆ 140 ಕ್ವಿಜ್ ಆಗಿದ್ದವು. ಒಂದು ದಿನ ಮೇಲ್ ಬಂತು: ಸೇವೆ ನಿಲ್ಲಿಸುತ್ತಿದ್ದೇವೆ, ತಿಂಗಳೊಳಗೆ ನಿಮ್ಮದನ್ನು ಇಳಿಸಿಕೊಳ್ಳಿ. ಇಳಿಸಿಕೊಂಡೆ. ಬಂದದ್ದು ಪಿಡಿಎಫ್. ಪ್ರಶ್ನೆಗಳಿದ್ದವು, ಆಯ್ಕೆಗಳಿದ್ದವು. ಆ ಎರಡು ಸಾಲು ಮಾತ್ರ ಎಲ್ಲೂ ಇರಲಿಲ್ಲ.

ಬಾಡಿಗೆ ಮನೆಯ ಹಿತ್ತಿಲಲ್ಲಿ ಗಿಡ ನೆಟ್ಟು ಬೆಳೆಸಿದ ಹಾಗಾಯಿತು ನನ್ನ ಕಥೆ. ಮನೆ ಖಾಲಿ ಮಾಡು ಅಂದಾಗ ಗಿಡವನ್ನು ಕಿತ್ತು ತರೋಕೆ ಆಗಲ್ಲ. ಆಮೇಲೆ ಯಾವ ಉಪಕರಣ ನೋಡಿದರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ನಾನು ಮಾಡಿದ್ದನ್ನು ಪೂರ್ತಿಯಾಗಿ, ಬೇರೆ ಕಡೆ ಮತ್ತೆ ಓಡುವ ಹಾಗೆ, ಹೊರಗೆ ತೆಗೆದುಕೊಳ್ಳಬಹುದಾ?

ಎಚ್‌5ಪಿಯಲ್ಲಿ ತೆಗೆದುಕೊಳ್ಳಬಹುದು. ಎಚ್‌ಟಿಎಂಎಲ್5 ಪ್ಯಾಕೇಜ್ ಅನ್ನೋದರ ಚಿಕ್ಕ ಹೆಸರು ಅದು. ಎಚ್‌ಟಿಎಂಎಲ್ ಅಂದರೆ ವೆಬ್ ಪುಟಗಳನ್ನು ಬರೆಯುವ ಭಾಷೆ. ನಾರ್ವೆಯ ಒಂದು ಸಣ್ಣ ಕಂಪನಿ 2013ರ ಹೊತ್ತಿಗೆ ಶುರು ಮಾಡಿದ್ದು. ಬಿಟ್ಟ ಸ್ಥಳ ತುಂಬಿ, ಸರಿ ತಪ್ಪು ಗುರುತಿಸಿ, ಹೊಂದಿಸಿ ಬರೆಯಿರಿ, ಹೀಗೆ ನಾವು ದಿನಾ ಬೋರ್ಡಿನ ಮೇಲೆ ಮಾಡಿಸುವುದನ್ನೆಲ್ಲ ಪರದೆಯ ಮೇಲೆ ಮಾಡಿಸಬಹುದು. ವಿಡಿಯೋ ಮಧ್ಯೆ ಪ್ರಶ್ನೆ ಇಡಬಹುದು. ನೀವು ಮಾಡಿದ್ದೆಲ್ಲ ಒಂದು ಫೈಲ್ ಆಗಿ ಕೈಗೆ ಬರುತ್ತದೆ. ಆ ಫೈಲನ್ನು ಶಾಲೆಗಳು ನೆಟ್‌ನಲ್ಲಿ ಪಾಠ ನಡೆಸಲು ಬಳಸುವ ಮೂಡಲ್‌ಗೆ ಹಾಕಿ, ವೆಬ್‌ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್‌ಗೆ ಹಾಕಿ, ಡ್ರುಪಾಲ್‌ಗೆ ಹಾಕಿ, ಎಲ್ಲ ಕಡೆ ಓಡುತ್ತದೆ. ಮೂಡಲ್‌ನಲ್ಲಂತೂ 2019ರಿಂದ ಅದು ಒಳಗೇ ಸೇರಿಕೊಂಡಿದೆ.

ಇದರ ಮೂಲ ಕೋಡ್ ಮುಕ್ತ ಪರವಾನಗಿಯಲ್ಲಿದೆ. ಯಾರು ಬೇಕಾದರೂ ತೆಗೆದುಕೊಂಡು ಬಳಸಬಹುದು, ಬದಲಾಯಿಸಬಹುದು. 2024ರಲ್ಲಿ ಕೆನಡಾದ ಡಿ2ಎಲ್ ಕಂಪನಿ ಎಚ್‌5ಪಿಯನ್ನು ಕೊಂಡುಕೊಂಡಿತು ಅಂತ ಓದಿದ ದಿನ ನನಗೆ ಹೊಟ್ಟೆಯಲ್ಲಿ ಸ್ವಲ್ಪ ತಳಮಳ ಆಯಿತು. ಆಮೇಲೆ ಸಮಾಧಾನವಾಗಿ ಯೋಚಿಸಿದೆ. ಈಗಾಗಲೇ ಮುಕ್ತವಾಗಿ ಬಿಟ್ಟ ಕೋಡನ್ನು ಯಾರೂ ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ. ನನ್ನ ಫೈಲ್‌ಗಳು ನನ್ನ ಡಿಸ್ಕಿನಲ್ಲಿವೆ. ನಾಳೆ ಆ ಕಂಪನಿ ಏನೇ ಮಾಡಿದರೂ ನನ್ನ ಸೋಮವಾರದ ಪಾಠ ನಡೆಯುತ್ತದೆ. ಹಳೇ ಜಾಗದಲ್ಲಿ ನನಗೆ ಇಲ್ಲದೇ ಇದ್ದದ್ದು ಈ ಧೈರ್ಯ.

ಸರಿ, ಬಳಕೆಗೆ ಬರೋಣ.

ಸರ್ವರ್, ಪ್ಲಗಿನ್ ಅಂದರೆ ತಲೆನೋವು ಅನ್ನೋರಿಗೆ ಲುಮಿ ಸರಿಯಾದ ದಾರಿ. ಇದೂ ಮುಕ್ತ ತಂತ್ರಾಂಶವೇ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಮೊದಲ ಸಲ ಪ್ರಶ್ನೆಯ ಬಗೆಗಳನ್ನು ಇಳಿಸಿಕೊಳ್ಳಲು ನೆಟ್ ಬೇಕು. ಒಮ್ಮೆ ಇಳಿದ ಮೇಲೆ ಬೇಡ. ಎಡಿಟ್ ಮಾಡಿ, ಸೇವ್ ಮಾಡಿ, ಬೇಕಿದ್ದರೆ ಇಡೀ ಪಾಠವನ್ನು ಒಂದೇ ಎಚ್‌ಟಿಎಂಎಲ್ ಫೈಲ್ ಆಗಿ ಹೊರಗೆ ತೆಗೆಯಿರಿ. ಅದನ್ನು ಪೆನ್‌ಡ್ರೈವ್‌ನಲ್ಲಿ ಕೊಟ್ಟರೆ ಮಗು ಮನೆಯಲ್ಲಿ ಬ್ರೌಸರ್‌ನಲ್ಲಿ ತೆರೆಯುತ್ತದೆ. ಲಾಗಿನ್ ಇಲ್ಲ, ಪಾಸ್‌ವರ್ಡ್ ಇಲ್ಲ, ಜಾಹೀರಾತು ಇಲ್ಲ. ಮಕ್ಕಳ ಹೆಸರು, ವಯಸ್ಸು ಯಾವುದನ್ನೂ ಯಾರಿಗೂ ಕೊಡಬೇಕಾಗಿಲ್ಲ. ಈ ಕೊನೇ ಮಾತಿಗೆ ನಾನು ತುಂಬಾ ಬೆಲೆ ಕೊಡುತ್ತೇನೆ.

ಫೋನಿನಲ್ಲಿ ಮಾತ್ರ ಒಂದು ಎಚ್ಚರ ಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಫೈಲ್ ಮೇಲೆ ಒತ್ತಿದರೆ ಕೆಲವು ಸಲ ಬ್ರೌಸರ್ ಬದಲು ಫೋನಿನದೇ ಎಚ್‌ಟಿಎಂಎಲ್ ವ್ಯೂವರ್ ತೆರೆದುಕೊಳ್ಳುತ್ತದೆ. ಪಾಠವನ್ನು ಓಡಿಸುವ ಜಾವಾಸ್ಕ್ರಿಪ್ಟ್ ಕೋಡ್ ಅದರಲ್ಲಿ ಓಡಲ್ಲ, ಪರದೆ ಖಾಲಿ ಕಾಣುತ್ತದೆ. "ಟೀಚರ್, ನಿಮ್ಮ ಫೈಲಲ್ಲಿ ಏನೂ ಇಲ್ಲ" ಅಂತ ಮೊದಲ ವಾರವೇ ನಾಲ್ಕು ಜನ ಬಂದರು. ಕ್ರೋಮ್ ಅಥವಾ ಫೈರ್‌ಫಾಕ್ಸ್ ಆರಿಸಿ ತೆರೆಯಿರಿ ಅಂತ ಮೊದಲೇ ಹೇಳಿಬಿಡಿ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ವಿಡಿಯೋ ಮಧ್ಯೆ ಪ್ರಶ್ನೆ ಇಡುವ ಬಗೆ. ಬೀಜ ಮೊಳೆಯುವ ಪಾಠಕ್ಕೆ ನಾನೇ ಒಂದು ವಿಡಿಯೋ ಮಾಡಿದ್ದೆ. ಗಾಜಿನ ಲೋಟದಲ್ಲಿ ಒದ್ದೆ ಹತ್ತಿ, ಗಾಜಿಗೆ ಅಂಟಿಕೊಂಡ ಹಾಗೆ ನಾಲ್ಕು ಕಾಳು. ಹತ್ತು ದಿನ ಒಂದೇ ಜಾಗದಲ್ಲಿ ಫೋನಿಟ್ಟು ಫೋಟೋ ತೆಗೆದು, ಸೇರಿಸಿ ಮೂರು ನಿಮಿಷಕ್ಕೆ ಇಳಿಸಿದ್ದೆ. ಮೊದಲ ವರ್ಷ ಅದನ್ನು ಸುಮ್ನೆ ತೋರಿಸಿದೆ. ಮಕ್ಕಳು "ವಾವ್" ಅಂದರು. ಮುಗಿದ ಮೇಲೆ "ಮೊದಲು ಹೊರಗೆ ಬಂದದ್ದು ಏನು?" ಅಂತ ಕೇಳಿದರೆ ಅರ್ಧ ತರಗತಿ "ಎಲೆ" ಅಂದಿತು. ಅವರು ನೋಡಿದ್ದರು, ಆದರೆ ಗಮನಿಸಿರಲಿಲ್ಲ.

ಮುಂದಿನ ವರ್ಷ ಅದೇ ವಿಡಿಯೋವನ್ನು ಎಚ್‌5ಪಿಗೆ ಹಾಕಿದೆ. ಕಾಳು ಉಬ್ಬಿ ಸಿಪ್ಪೆ ಬಿರಿಯುವ ಹೊತ್ತಿಗೆ ಸರಿಯಾಗಿ ವಿಡಿಯೋ ನಿಲ್ಲುತ್ತದೆ. "ಈಗ ಮೊದಲು ಹೊರಗೆ ಬರೋದು ಬೇರಾ, ಚಿಗುರಾ? ಯಾಕೆ ಹಾಗೆ ಅನ್ನಿಸುತ್ತೆ?" ಅಂತ ಕೇಳುತ್ತದೆ. ಉತ್ತರ ಕೊಟ್ಟರೆ ಮಾತ್ರ ಮುಂದೆ. ಮಕ್ಕಳು ಪಕ್ಕದವರ ಜೊತೆ ವಾದಕ್ಕೆ ನಿಂತರು. ಒಬ್ಬಳು "ನೀರು ಬೇಕಲ್ವಾ, ಅದಕ್ಕೆ ಬೇರೇ ಮೊದಲು" ಅಂದಳು. ಆಮೇಲೆ ವಿಡಿಯೋ ಓಡಿತು. ಬಿಳಿ ಬೇರು ಹೊರಗೆ ಬಂದು ಕೆಳಗೆ ಬಾಗಿದಾಗ ಬಂತು ನೋಡಿ ಸದ್ದು, ಅದು ಹಿಂದಿನ ವರ್ಷದ "ವಾವ್" ಅಲ್ಲ. ಗೆದ್ದವರ ಸದ್ದು. ಊಹೆ ಮಾಡಿ ಕಾದವರ ಕಣ್ಣೇ ಬೇರೆ.

ಇದರಲ್ಲಿ ಇನ್ನೊಂದು ಅನುಕೂಲ ಇದೆ. ತಪ್ಪು ಉತ್ತರ ಕೊಟ್ಟರೆ ವಿಡಿಯೋವನ್ನು ಹಿಂದಿನ ಯಾವುದಾದರೂ ಕ್ಷಣಕ್ಕೆ ಕಳಿಸಬಹುದು. ಎರಡನೇ ಪ್ರಶ್ನೆ ತಪ್ಪಿದವರನ್ನು ನಾನು ಮೂವತ್ತು ಸೆಕೆಂಡ್ ಹಿಂದೆ ಕಳಿಸುತ್ತೇನೆ, "ಲೋಟದ ಎಡಗಡೆ ಕಾಳು ಮಾತ್ರ ನೋಡು" ಅನ್ನೋ ಸಾಲಿನ ಜೊತೆ. ವಿಡಿಯೋವನ್ನು ಮುಂದೆ ಓಡಿಸದ ಹಾಗೆ ತಡೆಯುವ ಆಯ್ಕೆಯೂ ಇದೆ. ನಾನು ಅದನ್ನು ಬಳಸಲ್ಲ. ಎರಡನೇ ಸಲ ನೋಡುವ ಮಗುವಿಗೆ ತನಗೆ ಬೇಕಾದ ಜಾಗಕ್ಕೆ ಹೋಗುವ ಸ್ವಾತಂತ್ರ್ಯ ಇರಬೇಕು.

ವಿಡಿಯೋ ಇರುವ ಪಾಠವನ್ನು ಒಂದೇ ಎಚ್‌ಟಿಎಂಎಲ್ ಮಾಡಿದರೆ ಫೈಲ್ ತುಂಬಾ ದೊಡ್ಡದಾಗುತ್ತದೆ. ವಿಡಿಯೋ ಬೇರೆ, ಪುಟ ಬೇರೆ ಆಗಿ ತೆಗೆಯುವ ಆಯ್ಕೆ ಲುಮಿಯಲ್ಲಿದೆ, ಅದನ್ನೇ ಬಳಸಿ. ಯೂಟ್ಯೂಬ್ ಲಿಂಕ್ ಕೊಟ್ಟರೆ ಫೈಲ್ ಚಿಕ್ಕದು, ಆದರೆ ನೆಟ್ ಇಲ್ಲದಿದ್ದರೆ ಓಡಲ್ಲ.

ಇನ್ನು ತೊಂದರೆಗಳು. ಕನ್ನಡದಲ್ಲಿ ಪಾಠ ಮಾಡೋರು ಇದನ್ನು ಸ್ವಲ್ಪ ನಿಧಾನವಾಗಿ ಓದಿ, ನಾನು ಎರಡು ದಿನ ಒದ್ದಾಡಿದ್ದು ನಿಮಗೆ ತಪ್ಪಲಿ.

ಪರಮಾಣು ಪಾಠಕ್ಕೆ ಬಿಟ್ಟ ಸ್ಥಳ ತುಂಬಿ ಮಾಡಿದ್ದೆ. ಇದರಲ್ಲಿ ವಾಕ್ಯ ಬರೆದು, ಉತ್ತರದ ಎರಡೂ ಬದಿಗೆ ನಕ್ಷತ್ರ ಚಿಹ್ನೆ ಹಾಕಿದರೆ ಅಲ್ಲಿ ಖಾಲಿ ಡಬ್ಬಿ ಬರುತ್ತದೆ. ಒಂದಕ್ಕಿಂತ ಜಾಸ್ತಿ ಸರಿ ಉತ್ತರ ಇದ್ದರೆ ಮಧ್ಯೆ ಓರೆ ಗೆರೆ. ಅಷ್ಟೇ, ಕಲಿಯಲು ಐದು ನಿಮಿಷ ಸಾಕು. ನನ್ನ ಉತ್ತರ "ಪ್ರೋಟಾನ್". ಮಕ್ಕಳು ಪ್ರೋಟಾನ್ ಅಂತಲೇ ಬರೆದರು. ಎಲ್ಲರಿಗೂ ಕೆಂಪು. ಕಾಗುಣಿತ ಸರಿ, ಒತ್ತಕ್ಷರ ಸರಿ, ದೀರ್ಘ ಸರಿ. ಒಬ್ಬ ಹುಡುಗ ಸರಿ ಉತ್ತರ ತೋರಿಸು ಅಂತ ಒತ್ತಿ, ಅದು ತೋರಿಸಿದ್ದನ್ನೇ ಕಾಪಿ ಮಾಡಿ ಅಂಟಿಸಿದ. ಹಸಿರು ಬಂತು! ಕಣ್ಣಿಗೆ ಎರಡೂ ಒಂದೇ ಪದ.

ಮನೆಗೆ ಬಂದು ನನ್ನ ಉತ್ತರದ ಕೊನೆಗೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒತ್ತಿದೆ. ಮೊದಲ ಸಲ ಏನೂ ಅಳಿಯಲಿಲ್ಲ. ಎರಡನೇ ಸಲ ಒತ್ತಿದಾಗ ಅಕ್ಷರ ಅಳಿಯಿತು. ಆಗ ಹೊಳೆಯಿತು. ನಾನು ಆ ಪದವನ್ನು ನನ್ನ ಹಳೇ ಟಿಪ್ಪಣಿಯಿಂದ ತಂದಿದ್ದೆ. ಅಲ್ಲಿ ಅದು "ಪ್ರೋಟಾನ್‌ಗಳು" ಅಂತ ಇತ್ತು. ನ್ ಮತ್ತು ಗ ಅಂಟಿಕೊಂಡು ಒತ್ತಕ್ಷರ ಆಗದ ಹಾಗೆ ಮಧ್ಯೆ ಒಂದು ಕಾಣದ ಗುರುತು ಇರುತ್ತದೆ. ಅದಕ್ಕೆ ಜೀರೋ ವಿಡ್ತ್ ನಾನ್ ಜಾಯಿನರ್ ಅನ್ನುತ್ತಾರೆ. ನಾನು "ಗಳು" ಅಳಿಸಿದ್ದೆ. ಆ ಗುರುತು ಪದದ ಬಾಲಕ್ಕೆ ಅಂಟಿಕೊಂಡು ಉಳಿದಿತ್ತು. ಕಂಪ್ಯೂಟರಿಗೆ ಅದೂ ಒಂದು ಅಕ್ಷರವೇ. ಈಗ ನಾನು ಉತ್ತರಗಳನ್ನು ಎಲ್ಲಿಂದಲೂ ಅಂಟಿಸಲ್ಲ. ಪ್ರತಿ ಉತ್ತರವನ್ನೂ ಹೊಸದಾಗಿ ಟೈಪ್ ಮಾಡುತ್ತೇನೆ.

ಸಣ್ಣ ಕಾಗುಣಿತ ತಪ್ಪನ್ನು ಒಪ್ಪಿಕೊಳ್ಳುವ ಆಯ್ಕೆ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ಮೂರರಿಂದ ಒಂಬತ್ತು ಅಕ್ಷರದ ಪದದಲ್ಲಿ ಒಂದು ತಪ್ಪನ್ನು, ಅದಕ್ಕಿಂತ ಉದ್ದದ ಪದದಲ್ಲಿ ಎರಡನ್ನು ಬಿಟ್ಟುಕೊಡುತ್ತದೆ. ಆದರೆ ಅದರ ಲೆಕ್ಕದ ಅಕ್ಷರ ನಮ್ಮ ಅಕ್ಷರ ಅಲ್ಲ. ಕೊಂಬು, ಗುಡಿಸು, ದೀರ್ಘ, ಪ್ರತಿಯೊಂದೂ ಅದಕ್ಕೆ ಬೇರೆ ಬೇರೆ ಅಕ್ಷರ. "ಪ್ರಾಣಿ" ನಮಗೆ ಎರಡು ಅಕ್ಷರ, ಅದಕ್ಕೆ ಆರು. ಹಾಗಾಗಿ "ಪ್ರಾಣಿ" ಬರಬೇಕಾದ ಕಡೆ ಮಗು "ಪ್ರಾಣ" ಅಂತ ಬರೆದರೆ ಒಂದೇ ತಪ್ಪು ಅಂತ ಲೆಕ್ಕ ಹಾಕಿ ಹಸಿರು ಕೊಡುತ್ತದೆ. ಗುಡಿಸು ಹೋದರೆ ಅರ್ಥವೇ ಹೋಗುತ್ತದೆ ಅನ್ನೋದು ಅದಕ್ಕೆ ಗೊತ್ತಿಲ್ಲ. ಭಾಷೆ ಕಲಿಸುವವರು ಈ ಆಯ್ಕೆಯನ್ನು ಮುಚ್ಚಿಯೇ ಇಡಿ. ಮಗು ನಿಜವಾಗಿ ಹೇಗೆ ಬರೆಯಬಹುದು ಅಂತ ಯೋಚಿಸಿ, ಒಪ್ಪಬಹುದಾದ ರೂಪಗಳನ್ನು ಓರೆ ಗೆರೆ ಹಾಕಿ ನೀವೇ ಕೊಡಿ. ಸ್ವಲ್ಪ ಜಾಸ್ತಿ ಕೆಲಸ, ಆದರೆ ನ್ಯಾಯ ಅದೇ.

ಇದನ್ನು ಪರೀಕ್ಷೆಗೆ ಬಳಸಬೇಡಿ. ಉತ್ತರಗಳೆಲ್ಲ ಮಗುವಿನ ಬ್ರೌಸರ್‌ಗೇ ಬಂದಿರುತ್ತವೆ. ಪುಟದ ಮೂಲ ತೆರೆದು ಹುಡುಕುವವರಿಗೆ ಸಿಗುತ್ತವೆ. ಅಭ್ಯಾಸಕ್ಕೆ ಮಾತ್ರ ಇಟ್ಟುಕೊಂಡರೆ ಇದೊಂದು ಕೊರತೆ ಅಂತ ನನಗೆ ಅನ್ನಿಸಲ್ಲ. ಪೆನ್‌ಡ್ರೈವ್‌ನಲ್ಲಿ ಕೊಟ್ಟ ಫೈಲಿನ ಅಂಕ ನನಗೆ ತಾನಾಗಿ ಬರುವುದೂ ಇಲ್ಲ. ಯಾರು ಎಷ್ಟು ತೆಗೆದರು ಅಂತ ಒಂದೇ ಕಡೆ ನೋಡಬೇಕು ಅಂದರೆ ಮೂಡಲ್‌ನಂಥದ್ದು ಬೇಕೇ ಬೇಕು. ಅದನ್ನು ನಡೆಸಲು ಶಾಲೆಯಲ್ಲಿ ಒಬ್ಬರಾದರೂ ಕೈ ಹಚ್ಚುವವರು ಬೇಕು.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು, ಅದಕ್ಕೆ ಬೇಸರ ಇದೆ. ನನ್ನ ತರಗತಿಯಲ್ಲಿ ಕಣ್ಣು ಕಾಣದ ಒಬ್ಬಳು ಹುಡುಗಿ ಇದ್ದಾಳೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುತ್ತಾಳೆ. ಚಿತ್ರದಲ್ಲಿ ಜಾಗ ಹುಡುಕಿ ಒತ್ತುವ ಬಗೆಯಲ್ಲಿ ನಾನು ಹೃದಯದ ಭಾಗಗಳ ಪಾಠ ಮಾಡಿದ್ದೆ. ಅವಳಿಗೆ ಅದರಿಂದ ಏನೂ ಸಿಗಲಿಲ್ಲ, ಒಂದು ಪೀರಿಯಡ್ ಸುಮ್ಮನೆ ಕೂತಿದ್ದಳು. ಯಾವ ಬಗೆ ಸ್ಕ್ರೀನ್ ರೀಡರ್ ಮತ್ತು ಕೀಬೋರ್ಡ್ ಜೊತೆ ಕೆಲಸ ಮಾಡುತ್ತದೆ, ಯಾವುದು ಮಾಡಲ್ಲ ಅಂತ ಎಚ್‌5ಪಿಯವರೇ ಒಂದು ಪಟ್ಟಿ ಇಟ್ಟಿದ್ದಾರೆ. ನಾನು ನೋಡಿರಲಿಲ್ಲ. ಈಗ ಪಾಠ ಶುರು ಮಾಡುವ ಮುಂಚೆ ಆ ಪಟ್ಟಿ ನೋಡುತ್ತೇನೆ. ಹೃದಯದ ಪಾಠವನ್ನು ರಕ್ತ ಯಾವ ಕೋಣೆಯಿಂದ ಯಾವ ಕೋಣೆಗೆ ಹೋಗುತ್ತದೆ ಅನ್ನೋ ಆಯ್ಕೆ ಪ್ರಶ್ನೆಗಳಾಗಿ ಬದಲಾಯಿಸಿದೆ. ಪ್ರತಿ ಚಿತ್ರಕ್ಕೂ ವಿವರಣೆ ಬರೆದೆ. ಆ ವಿವರಣೆ ಬರೆಯುವಾಗ ನನ್ನ ಚಿತ್ರವೇ ಎಷ್ಟು ಗೊಂದಲವಾಗಿತ್ತು ಅನ್ನೋದೂ ಕಂಡಿತು, ಚಿತ್ರವನ್ನೂ ಬದಲಾಯಿಸಿದೆ.

ಇದರ ಜೊತೆ ನಾನು ಬಳಸುವ ಇನ್ನೊಂದು ಫೆಟ್. ಕೊಲರಾಡೋ ವಿಶ್ವವಿದ್ಯಾಲಯದ ಬೌಲ್ಡರ್ ಕ್ಯಾಂಪಸ್‌ನಲ್ಲಿ 2002ರಲ್ಲಿ ಕಾರ್ಲ್ ವೀಮನ್ ಶುರು ಮಾಡಿದ ಸಿಮ್ಯುಲೇಶನ್‌ಗಳು. ಅದರ ಹಿಂದಿನ ವರ್ಷವಷ್ಟೇ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂದಿತ್ತು. ಹಳೆಯವು ಜಾವಾ ಮತ್ತು ಫ್ಲ್ಯಾಶ್ ಅನ್ನೋ ಹಳೇ ತಂತ್ರಜ್ಞಾನಗಳಲ್ಲಿದ್ದವು. 2020ರ ಕೊನೆಗೆ ಫ್ಲ್ಯಾಶ್ ನಿಂತಾಗ ಎಷ್ಟೋ ಶಿಕ್ಷಕರ ಪಾಠಗಳು ಅದರ ಜೊತೆಗೇ ಹೋದವು. ಫೆಟ್‌ನವರು ಒಂದೊಂದಾಗಿ ಎಚ್‌ಟಿಎಂಎಲ್5ಗೆ ಬರೆಯುತ್ತಾ ಬಂದರು. ಈಗ ಒಂದು ಸಿಮ್ಯುಲೇಶನ್ ಅಂದರೆ ಒಂದೇ ಫೈಲ್, ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓಡುತ್ತದೆ. ವಿದ್ಯುತ್ ಮಂಡಲ ಕಟ್ಟುವ ಸಿಮ್ಯುಲೇಶನ್‌ನಲ್ಲಿ ಬ್ಯಾಟರಿಯ ಎರಡೂ ತುದಿಗೆ ಬರೀ ತಂತಿ ಸೇರಿಸಿ ನೋಡಿ. ಬ್ಯಾಟರಿಗೆ ಬೆಂಕಿ ಹತ್ತುತ್ತದೆ. ಶಾರ್ಟ್ ಸರ್ಕ್ಯೂಟ್ ಬಗ್ಗೆ ನಾನು ಅರ್ಧ ಗಂಟೆ ಹೇಳುವುದನ್ನು ಮಕ್ಕಳು ಅರ್ಧ ನಿಮಿಷದಲ್ಲಿ ಮಾಡಿ ನೋಡುತ್ತಾರೆ, ಯಾರ ಕೈಯೂ ಸುಡದೆ.

ಗಣಿತದ ಸಹೋದ್ಯೋಗಿ ರೇಖಾಗಣಿತ, ಗ್ರಾಫ್ ಬಿಡಿಸುವ ಜಿಯೋಜೀಬ್ರಾ ಬಿಟ್ಟು ಬೇರೇನೂ ಮುಟ್ಟಲ್ಲ. ಒಳ್ಳೆಯ ಉಪಕರಣವೇ. ಆದರೆ ಅದು ಪೂರ್ತಿ ಮುಕ್ತ ಅಲ್ಲ, ವ್ಯಾಪಾರಕ್ಕೆ ಬಳಸುವವರಿಗೆ ನಿಯಮ ಬೇರೆ. ಶಾಲೆಯ ಒಳಗೆ ತೊಂದರೆ ಇಲ್ಲ. ನೆಟ್ ಇಲ್ಲದ ಶಾಲೆಗಳವರು ಕೋಲಿಬ್ರಿ ಅನ್ನೋ ತಂತ್ರಾಂಶವನ್ನೂ ನೋಡಿ. ರಾಸ್ಪ್‌ಬೆರಿ ಪೈನಂಥ ಪುಟ್ಟ ಕಂಪ್ಯೂಟರ್ ಒಂದರಲ್ಲಿ ಪಾಠಗಳನ್ನು ತುಂಬಿಟ್ಟರೆ ಕೋಣೆಯ ಎಲ್ಲ ಸಾಧನಗಳಿಗೂ ವೈಫೈನಲ್ಲಿ ಹಂಚುತ್ತದೆ. ಫೆಟ್ ಕೂಡ ಅದರಲ್ಲಿ ಸಿಗುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ವಿಷಯ. ಎಚ್‌5ಪಿ ಫೈಲಿನ ಒಂದು ಪ್ರತಿ ಮಾಡಿ, ಹೆಸರಿನ ಕೊನೆಯಲ್ಲಿರುವ ಎಚ್‌5ಪಿ ತೆಗೆದು ಜಿಪ್ ಅಂತ ಬದಲಾಯಿಸಿ, ಬಿಚ್ಚಿ ನೋಡಿ. ಒಳಗೆ ಕಂಟೆಂಟ್ ಅನ್ನೋ ಫೋಲ್ಡರ್ ಇದೆ. ಅದರಲ್ಲಿ ನೀವು ಹಾಕಿದ ಚಿತ್ರಗಳು, ವಿಡಿಯೋಗಳು. ಜೊತೆಗೆ ಕಂಟೆಂಟ್ ಡಾಟ್ ಜೇಸನ್ ಅನ್ನೋ ಫೈಲ್. ಲುಮಿಯಲ್ಲಿ ಸೇವ್ ಮಾಡಿದ್ದನ್ನು ನಾನು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಬ್ರಾಕೆಟ್ಟುಗಳ ಮಧ್ಯೆ ನನ್ನ ಕನ್ನಡ ವಾಕ್ಯಗಳು ಹಾಗ್ಹಾಗೇ ಕಂಡವು. ಪ್ರಶ್ನೆ, ಆಯ್ಕೆ, ಯಾವುದು ಸರಿ ಅನ್ನೋ ಗುರುತು, ಮತ್ತು ಆ ಎರಡು ಸಾಲು. "ತಪ್ಪು ಯಾಕೆ ಅಂದರೆ..." ಅಂತ ನಾನು ಬರೆದದ್ದು. ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು, ನಿಜ ಹೇಳುತ್ತಿದ್ದೇನೆ. ಎಲ್ಲ ಆ್ಯಪ್‌ಗಳೂ ಮುಚ್ಚಿದರೂ ಒಂದು ನೋಟ್‌ಪ್ಯಾಡ್ ಸಾಕು, ನನ್ನ ಕೆಲಸ ನನಗೆ ಸಿಗುತ್ತದೆ. ಆಮೇಲೆ ಕುತೂಹಲಕ್ಕೆ ಜಿಯೋಜೀಬ್ರಾ ಫೈಲನ್ನೂ, ಮಕ್ಕಳು ಪ್ರೋಗ್ರಾಮಿಂಗ್ ಕಲಿಯುವಾಗ ಮಾಡಿದ ಸ್ಕ್ರ್ಯಾಚ್ ಫೈಲನ್ನೂ ಹಾಗೇ ಬಿಚ್ಚಿದೆ. ಅವೂ ಜಿಪ್‌ಗಳೇ. ಲಿಬ್ರೆ ಆಫೀಸ್‌ನ ಬರಹದ ಫೈಲ್ ಕೂಡ ಹಾಗೇ. ಈಗ ಯಾರಾದರೂ ಹೊಸ ಉಪಕರಣ ತೋರಿಸಿದರೆ ಒಂದು ಪಾಠ ಮಾಡಿ, ಹೊರಗೆ ತೆಗೆದು, ಒಳಗೆ ಏನಿದೆ ಅಂತ ಮೊದಲು ನೋಡುತ್ತೇನೆ. ಹೊರಗೆ ತೆಗೆಯೋಕೇ ಆಗದಿದ್ದರೆ ಅಲ್ಲಿಗೇ ಬಿಡುತ್ತೇನೆ.

ಹಾಗಾದರೆ ನನ್ನ 140 ಕ್ವಿಜ್? ಅರವತ್ತರಷ್ಟನ್ನು ಮತ್ತೆ ಮಾಡಿದ್ದೇನೆ. ಉಳಿದವು ಬಹುಶಃ ಬರಲ್ಲ. ಆದರೆ ಒಂಟಿಯಾಗಿ ಮಾಡುತ್ತಿಲ್ಲ. ಪಾಠಕ್ಕೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಹಾಕುವ ಜಾಗ ಎಚ್‌5ಪಿಯಲ್ಲೇ ಇದೆ. ನಾನು ಸಿಸಿ ಬೈ ಆರಿಸುತ್ತೇನೆ. ಹೆಸರು ಉಳಿಸಿ, ಏನು ಬೇಕಾದರೂ ಬದಲಾಯಿಸಿ ಅನ್ನೋದು ಅದರ ಅರ್ಥ. ಬೀಜದ ಪಾಠವನ್ನು ಬೇರೆ ಶಾಲೆಯ ಒಬ್ಬ ಶಿಕ್ಷಕಿಗೆ ಕಳಿಸಿದ್ದೆ. ಹೋದ ತಿಂಗಳು ವಾಪಸ್ ಬಂತು. ನನ್ನ ಮೂರನೇ ಪ್ರಶ್ನೆ ತೆಗೆದು, ಅಲ್ಲಿ ಅವರ ಮಕ್ಕಳು ಬಿಡಿಸಿದ ಮೊಳಕೆಯ ಚಿತ್ರ ಇಟ್ಟಿದ್ದಾರೆ. ಲೇಖಕರ ಜಾಗದಲ್ಲಿ ನನ್ನ ಹೆಸರಿನ ಕೆಳಗೆ ಅವರ ಹೆಸರಿದೆ. ಬದಲಾವಣೆ ಬರೆಯುವ ಜಾಗದಲ್ಲಿ ಒಂದು ಸಾಲು: "ಬೇರು ಕೆಳಗೇ ಯಾಕೆ ಹೋಗುತ್ತೆ ಅಂತ ನಮ್ಮ ಮಕ್ಕಳು ಕೇಳಿದರು, ಅದಕ್ಕೆ ಲೋಟವನ್ನು ಅಡ್ಡ ಮಲಗಿಸಿದ ಪ್ರಯೋಗ ಸೇರಿಸಿದ್ದೇನೆ." ನಾಳೆ ನನ್ನ ಎಂಟನೇ ತರಗತಿಗೆ ಆ ಹೊಸ ಫೈಲನ್ನೇ ತೆರೆಯುತ್ತೇನೆ. ಲೋಟ, ಹತ್ತಿ, ಕಾಳು ಚೀಲದಲ್ಲಿವೆ.